ಆ ದಿನದ ಸ್ಕೋರ್ ಎಷ್ಟಿತ್ತು?

ನಮ್ಮ ಅಕ್ಕನ ಮಗಳು ಈ ವರ್ಷ ಹಾಸನ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಆಯ್ಕೆಯಾದಳು. ಟ್ರಯಲ್ಸ್ ಮುಗಿಸಿ ಸಂಜೆ ನಮ್ಮನೆಗೆ ಬಂದವಳು, ಶೂ ಬಿಚ್ಚುತ್ತಾ, "ಚಿಕ್ಕಮ್ಮ, ನೀವು ಇಂಟರ್ ಕಾಲೇಜ್ ಫೈನಲ್ ಗೆದ್ದಿದ್ರಲ್ಲ, ಸ್ಕೋರ್ ಎಷ್ಟಿತ್ತು?" ಅಂತ ಕೇಳಿದಳು. "41-38" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದೇ ಲೆಕ್ಕ ಹೇಳಿಕೊಂಡು ಬಂದಿದ್ದೇನೆ. ಆದರೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಕೊನೆಯ ಒಂದು ನಿಮಿಷವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿ ನೋಡಿದೆ. ಪ್ರತಿಸಲ ಒಂದೊಂದು ಲೆಕ್ಕ ಬರುತ್ತಿತ್ತು. ಬೆಳಿಗ್ಗೆ ಎದ್ದವಳೇ ಅರಸೀಕೆರೆಗೆ ಫೋನ್ ಮಾಡಿದೆ. ಅರಸೀಕೆರೆ ಅಂದರೆ ನಮ್ಮ ಕ್ಯಾಪ್ಟನ್. ಟೀಮಿನಲ್ಲಿ ನಾವು ಒಬ್ಬರನ್ನೊಬ್ಬರು ಊರ ಹೆಸರಿನಲ್ಲೇ ಕರೆಯುತ್ತಿದ್ದೆವು. "43-38 ಕಣೇ, ಕೊನೇ ಎರಡು ಲೇ-ಅಪ್ ನಂದೇ" ಅಂದಳು. ಲೇ-ಅಪ್ ಅಂದರೆ ಓಡಿ ಬಂದು ರಿಂಗಿನ ಹತ್ತಿರದಿಂದಲೇ ಚೆಂಡು ಹಾಕುವುದು, ಒಂದಕ್ಕೆ ಎರಡು ಪಾಯಿಂಟು. ಸಕಲೇಶಪುರಕ್ಕೆ ಮಾಡಿದೆ. "ಒಂದೇ ಪಾಯಿಂಟಲ್ಲಿ ಗೆದ್ದಿದ್ದು. 39-38. ಅದಕ್ಕೇ ಅಲ್ವಾ ನಾವೆಲ್ಲ ಅಷ್ಟು ಅತ್ತಿದ್ದು?" ಅಂದಳು.

ಮೂವರಿಗೂ 38 ಮಾತ್ರ ಸರಿಯಾಗಿ ನೆನಪಿದೆ. ಎದುರಾಳಿಯ ಲೆಕ್ಕ. ಕಾರಣ ನನಗೆ ಗೊತ್ತು. ಕೋರ್ಟಿನ ಆಚೆ ಒಂದು ಕುರ್ಚಿ, ಅದರ ಮೇಲೆ ಕರಿಹಲಗೆ, ಸೀಮೆಸುಣ್ಣದಲ್ಲಿ ಬರೆದು ಒರೆಸುವ ಸ್ಕೋರ್‌ಬೋರ್ಡ್. ಕೊನೆಯ ನಿಮಿಷಗಳಲ್ಲಿ ಆ 38 ಅಲ್ಲಾಡದೆ ನಿಂತಿತ್ತು. ನಾವು ಅದನ್ನೇ ನೋಡುತ್ತಿದ್ದೆವು. ನಮ್ಮ ಕಡೆಯ ಅಂಕಿ ಒರೆಸಿ ಬರೆದು, ಒರೆಸಿ ಬರೆದು, ಬೂದು ಬಣ್ಣದ ಮಸಿಯಾಗಿಬಿಟ್ಟಿತ್ತು.

ಅದು 1990ರ ಮಾತು. ಮೈಸೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ. ಹಾಸನದ ನಮ್ಮ ಕಾಲೇಜು ಆಗ ಮೈಸೂರಿಗೇ ಸೇರಿತ್ತು. ಸ್ಕೋರ್‌ಶೀಟಿನ ಒಂದು ಪ್ರತಿಯನ್ನು ನಮ್ಮ ಪಿ.ಡಿ. ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ತಂದು ಕಾಲೇಜಿನ ದೊಡ್ಡ ರಿಜಿಸ್ಟರಿಗೆ ಗೋಂದು ಹಾಕಿ ಅಂಟಿಸಿದ್ದರು. ಅಂಟಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಹೋದ ತಿಂಗಳು ಕಾಲೇಜಿಗೆ ಹೋಗಿ ಕೇಳಿದರೆ, ಕ್ರೀಡಾ ವಿಭಾಗದ ಕೋಣೆ ಬದಲಾದಾಗ ಹಳೇ ರಿಜಿಸ್ಟರುಗಳೆಲ್ಲ ರದ್ದಿಗೆ ಹೋದವು ಅಂದರು. ಹೇಳಿದ ಹುಡುಗನಿಗೆ ಇಪ್ಪತ್ತೈದು ವರ್ಷ ಇರಬಹುದು. ಅವನದೇನೂ ತಪ್ಪಿಲ್ಲ. ಹೊರಗೆ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಹಗ್ಗ, ಸುಣ್ಣ, ಒಂದೇ ಚೆಂಡು

ನಮ್ಮದು ಮಣ್ಣಿನ ಕೋರ್ಟ್. ಗೆರೆ ಹಾಕುವುದು ಸುಣ್ಣದಲ್ಲಿ. ಪಿ.ಡಿ. ಸರ್ ಹತ್ತಿರ ಒಂದು ತೆಂಗಿನ ನಾರಿನ ಹಗ್ಗ ಇತ್ತು. ಅದರಲ್ಲಿ ಅಳತೆಗೆ ತಕ್ಕಂತೆ ಗಂಟುಗಳು. ಒಂದು ಗಂಟು 6.25 ಮೀಟರಿಗೆ, ಅಂದರೆ ಮೂರು ಪಾಯಿಂಟಿನ ಗೆರೆಗೆ. ಆ ಗೆರೆ ಅಂತರರಾಷ್ಟ್ರೀಯ ನಿಯಮಕ್ಕೆ ಬಂದದ್ದೇ 1984ರಲ್ಲಿ. ಈಗ ಅದು 6.75ಕ್ಕೆ ಹೋಗಿದೆ. ಸರ್ ರಿಂಗಿನ ನೇರ ಕೆಳಗೆ ಹಗ್ಗದ ತುದಿಯನ್ನು ಹೆಬ್ಬೆರಳಲ್ಲಿ ನೆಲಕ್ಕೆ ಒತ್ತಿ ಕೂರುತ್ತಿದ್ದರು. ಗಂಟು ಹಿಡಿದುಕೊಂಡು ನಾವು ಅರ್ಧ ಸುತ್ತು ನಡೆಯುತ್ತಿದ್ದೆವು. ಹಿಂದೆ ಇನ್ನೊಬ್ಬಳು ಸುಣ್ಣದ ಪುಡಿ ಬಿಡುತ್ತಾ ಬರುತ್ತಿದ್ದಳು. "ಹಗ್ಗ ಸಡಿಲ ಬಿಡಬೇಡಮ್ಮ, ಗೆರೆ ಒಳಗೆ ಬಂದ್ರೆ ಮೈಸೂರಲ್ಲಿ ನಿನ್ನ ಚೆಂಡು ರಿಂಗೇ ಮುಟ್ಟಲ್ಲ" ಅನ್ನೋರು. ಒಂದು ಸೋನೆ ಮಳೆ ಬಂದರೆ ಗೆರೆಯೆಲ್ಲ ಹಾಲಿನ ಹಾಗೆ ಹರಿದು ಹೋಗುತ್ತಿತ್ತು. ಮಾರನೇ ದಿನ ಮತ್ತೆ ಹಗ್ಗ. ನನಗೆ ಇವತ್ತಿಗೂ ಯಾವುದಾದರೂ ಕೋರ್ಟ್ ನೋಡಿದರೆ ಮೊದಲು ಕಣ್ಣು ಹೋಗುವುದು ಆ ಕಮಾನಿನ ಗೆರೆಗೆ. ಕಾಲಲ್ಲಿ ನಡೆದು ನಡೆದು ಅದರ ಬಾಗು ಮೈಗೆ ಹತ್ತಿಬಿಟ್ಟಿದೆ.

ಚೆಂಡು ಒಂದೇ, ಹುಡುಗರದ್ದೇ. ಏಳನೇ ನಂಬರಿನ ಚೆಂಡು. ಮೇಲಿನ ಗುಳ್ಳೆಗಳೆಲ್ಲ ಸವೆದು ನುಣ್ಣಗಾಗಿತ್ತು. ಈಗಿನ ಹೆಣ್ಣುಮಕ್ಕಳು ಆಡುವುದು ಆರನೇ ನಂಬರು. ಸುತ್ತಳತೆಯಲ್ಲಿ ಎರಡು ಮೂರು ಸೆಂಟಿಮೀಟರ್ ಕಮ್ಮಿ, ತೂಕವೂ ಕಮ್ಮಿ. ಅದು ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದದ್ದು 2004ರಲ್ಲಿ. ಎರಡು ಸೆಂಟಿಮೀಟರಲ್ಲಿ ಏನಿದೆ ಅನ್ನಿಸಬಹುದು. ಇದೆ. ದೊಡ್ಡ ಚೆಂಡು ನಮ್ಮ ಒಂದು ಕೈಗೆ ಕೂರುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ಎರಡೂ ಕೈಯಲ್ಲಿ, ಎದೆಯ ಹತ್ತಿರದಿಂದ ಎತ್ತಿ ಹಾಕುತ್ತಿದ್ದೆವು. ಎದುರಿನವಳು ಎತ್ತರ ಇದ್ದರೆ ತಡೆಯುವುದು ಸುಲಭ. ಅಕ್ಕನ ಮಗಳು ಒಂದೇ ಕೈಯಲ್ಲಿ, ಹಣೆಯ ಮೇಲಿಂದ ಮಣಿಕಟ್ಟು ಮಡಿಸಿ ಬಿಡುತ್ತಾಳೆ. ಚೆಂಡು ಹಿಂದಕ್ಕೆ ತಿರುಗುತ್ತಾ ಹೋಗಿ ಬಲೆಗೆ ಬೀಳುತ್ತದೆ. ಹುಡುಗಿಯರಿಗೆ ಶಕ್ತಿ ಸಾಲದು, ಅದಕ್ಕೇ ಎರಡು ಕೈ ಬೇಕು ಅಂತ ಆಗ ಹೇಳುತ್ತಿದ್ದರು. ನಾವೂ ನಂಬಿದ್ದೆವು.

ಜೆರ್ಸಿ ನಮ್ಮದಲ್ಲ, ಕಾಲೇಜಿನದು. ಪಂದ್ಯ ಮುಗಿದ ಮೇಲೆ ಒಗೆದು, ಇಸ್ತ್ರಿ ಮಾಡಿ ವಾಪಸ್ ಕೊಡಬೇಕು. ನಂಬರು 4ರಿಂದ 15. ಆಗ 1, 2, 3 ಕೊಡುತ್ತಿರಲಿಲ್ಲ. ಅಂಪೈರುಗಳು ಪಾಯಿಂಟು ತೋರಿಸಲು, ಮೂರು ಸೆಕೆಂಡಿನ ತಪ್ಪು ಹೇಳಲು ಬೆರಳು ಎತ್ತುತ್ತಾರಲ್ಲ, ಗೊಂದಲ ಆಗಬಾರದು ಅಂತ. ನನಗೆ ಸಿಕ್ಕಿದ್ದು 9. ಎಡ ಭುಜದ ಹತ್ತಿರ ಹಳದಿ ದಾರದಲ್ಲಿ ರಫ್ಫು ಮಾಡಿತ್ತು. ಯಾರು ಹೊಲಿದಿದ್ದೋ ಗೊತ್ತಿಲ್ಲ. ನನಗಿಂತ ಮುಂಚೆ ಆ 9ನ್ನು ಹಾಕಿಕೊಂಡವರು ಎಷ್ಟು ಜನ ಇದ್ದಿರಬಹುದು ಅಂತ ಆಗ ಒಂದು ಸಲವೂ ಯೋಚಿಸಿರಲಿಲ್ಲ. ಈಗ ಅದೇ ಯೋಚನೆ. ಆ ಹೊಲಿಗೆ ತುಂಬಾ ಅಚ್ಚುಕಟ್ಟಾಗಿತ್ತು.

ದುದ್ದದ ಕೊನೆ ಬಸ್ಸು

ಆ ಕೊನೆಯ ನಿಮಿಷದ ಕಥೆ ಹೇಳಬೇಕಾದರೆ ದುದ್ದದ ಹುಡುಗಿಯಿಂದಲೇ ಶುರು ಮಾಡಬೇಕು. ಅವಳ ಊರು ದುದ್ದದಿಂದಲೂ ಒಳಗೆ, ಬಸ್ಸಿಳಿದು ನಡೆಯಬೇಕಾದ ಹಳ್ಳಿ. ನಮ್ಮ ಪ್ರಾಕ್ಟೀಸ್ ಸಂಜೆ ನಾಲ್ಕೂವರೆಗೆ. ಅವಳ ಬಸ್ಸು ಐದಕ್ಕೆ. ಅದು ಬಿಟ್ಟರೆ ಆ ದಿನಕ್ಕೆ ಬಸ್ಸಿಲ್ಲ. ಹಾಗಾಗಿ ಅವಳು ಸಂಜೆ ಆಡಿದ್ದೇ ಇಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಏಳು ಗಂಟೆಗೆ ಕಾಲೇಜಿನಲ್ಲಿರುತ್ತಿದ್ದಳು. ವಾಚ್‌ಮನ್ ತಾತ ಚೆಂಡು ತೆಗೆದುಕೊಡುತ್ತಿದ್ದರು. ಒಬ್ಬಳೇ ಏನು ಆಡುವುದು? ಫ್ರೀ ಥ್ರೋ ಗೆರೆ ಮೇಲೆ ನಿಂತು ಹಾಕುವುದು, ಓಡಿಹೋಗಿ ಚೆಂಡು ತರುವುದು, ಮತ್ತೆ ಹಾಕುವುದು. ಫ್ರೀ ಥ್ರೋ ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ಅಡ್ಡ ಬರದ ಒಂದು ಪಾಯಿಂಟಿನ ಎಸೆತ. ಎರಡು ವರ್ಷ ಅವಳು ಮಾಡಿದ್ದು ಇಷ್ಟೇ. ಪಾಸು, ಡಿಫೆನ್ಸು, ಯಾರ ಹಿಂದೆ ಓಡಬೇಕು, ಯಾವಾಗ ನಿಲ್ಲಬೇಕು, ಯಾವುದೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆ ಗೆರೆಯಿಂದ ಅವಳು ತಪ್ಪಿದ್ದನ್ನು ನೋಡಿದವರು ಕಡಿಮೆ.

ನಮ್ಮ ಟೀಮಿನಲ್ಲಿ ಯಾರಿದ್ದರು ಅಂತ ಈಗ ಎಣಿಸಿ ನೋಡಿದರೆ, ಮುಕ್ಕಾಲು ಪಾಲು ಹಾಸ್ಟೆಲ್ ಹುಡುಗಿಯರು, ಉಳಿದವರು ಊರೊಳಗೇ ಮನೆ ಇದ್ದವರು. ಹಳ್ಳಿಯಿಂದ ಓಡಾಡುತ್ತಿದ್ದವಳು ದುದ್ದ ಒಬ್ಬಳೇ. ಕ್ಲಾಸಿನಲ್ಲಿ ನೋಡಿದರೆ ಉಲ್ಟಾ. ಅರ್ಧಕ್ಕಿಂತ ಜಾಸ್ತಿ ಜನ ಬಸ್ಸಿನಲ್ಲಿ ಬರುವವರೇ. ಅವರಲ್ಲಿ ನನಗಿಂತ ಚೆನ್ನಾಗಿ ಓಡುವವರು, ಎತ್ತರ ಇದ್ದವರು ಎಷ್ಟೋ ಮಂದಿ. ನಮ್ಮ ಟೀಮನ್ನು ಸರ್ ಆರಿಸುವುದಕ್ಕೆ ಮೊದಲೇ ಬಸ್ಸಿನ ಟೈಮು ಆರಿಸಿತ್ತು.

ಮೈಸೂರಿಗೆ ಹೋಗುವಾಗ ಎರಡು ತೊಂದರೆ. ಹುಡುಗಿಯರ ಟೀಮು ಅಂದಮೇಲೆ ಜೊತೆಗೆ ಲೇಡಿ ಮ್ಯಾನೇಜರ್ ಬೇಕು. ಮೇಡಂಗಳಲ್ಲಿ ಯಾರಿಗೂ ಅನುಕೂಲ ಆಗಲಿಲ್ಲ. ಇನ್ನೊಂದು, ದುದ್ದದ ಮನೆಯಲ್ಲಿ ಕಳಿಸಲು ಒಪ್ಪಲಿಲ್ಲ. ಪಿ.ಡಿ. ಸರ್ ಒಂದು ಭಾನುವಾರ ಸ್ಕೂಟರ್ ಹತ್ತಿ ಅವರ ಹಳ್ಳಿಗೆ ಹೋದರು. ಹಿಂದೆ ಅವರ ಹೆಂಡತಿ, ಮಡಿಲಲ್ಲಿ ಎರಡು ವರ್ಷದ ಮಗು. ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಇದನ್ನು ದುದ್ದವೇ ನಮಗೆ ಆಮೇಲೆ ಹೇಳಿದ್ದು. ಅವರಪ್ಪ ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದರು. ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಯಾವ ರೈಲು, ಎಲ್ಲಿ ಉಳಿಯೋದು, ಎಷ್ಟೊತ್ತಿಗೆ ವಾಪಸ್ಸು, ಇಷ್ಟೇ. ಸರ್ ಎಲ್ಲದಕ್ಕೂ ಉತ್ತರ ಕೊಟ್ಟರು. ಅವರಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದವರು ಕೊನೆಗೆ ಸರ್ ಹೆಂಡತಿಯನ್ನು ನೋಡಿ, "ನೀವೂ ಹೋಗ್ತೀರೇನವ್ವ?" ಅಂದರು. ಅದು ಅಲ್ಲಿವರೆಗೆ ತೀರ್ಮಾನ ಆಗಿರಲೇ ಇಲ್ಲ. ಅಕ್ಕ ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸಿಕೊಂಡು, "ಹೂಂ, ನಾನೇ ಕರ್ಕೊಂಡ್ ಹೋಗಿ ನಾನೇ ಕರ್ಕೊಂಡ್ ಬರ್ತೀನಿ" ಅಂದರಂತೆ. ಸರ್ ಅವರ ಮುಖ ನೋಡಿದರಂತೆ. ಎರಡೂ ತೊಂದರೆ ಆ ಒಂದು ಮಾತಿಗೆ ಬಗೆಹರಿಯಿತು.

ಆಗ ಹಾಸನದಿಂದ ಮೈಸೂರಿಗೆ ಮೀಟರ್ ಗೇಜ್ ರೈಲು. ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ನಿಧಾನಕ್ಕೆ ಹೋಗುತ್ತಿತ್ತು. ಅಕ್ಕ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಸಕಲೇಶಪುರ ಒಂದು ಚೀಲ ಕಿತ್ತಳೆ ತಂದಿದ್ದಳು, ಮನೆಯ ತೋಟದ್ದು. ಅದನ್ನು ಯಾರೂ ಮುಟ್ಟಬಾರದು, ಹಾಫ್ ಟೈಮಿಗೆ ಬೇಕು ಅಂತ ಸರ್ ಚೀಲವನ್ನು ತಮ್ಮ ಕಾಲ ಹತ್ತಿರವೇ ಇಟ್ಟುಕೊಂಡರು. ಆಗ ಈಗಿನ ಹಾಗೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಇರಲಿಲ್ಲ. ಇಪ್ಪತ್ತು ನಿಮಿಷದ ಎರಡು ಹಾಫ್. ಮಧ್ಯೆ ಉಪ್ಪು ಹಚ್ಚಿದ ಕಿತ್ತಳೆ ತೊಳೆ.

ಫೈನಲ್‌ನಲ್ಲಿ ಕೊನೆಗೆ ಹೀಗಾಯಿತು. ನಮ್ಮ ಸೆಂಟರ್ ಆಲೂರು ಐದು ಫೌಲ್ ಆಗಿ ಹೊರಗೆ ಬಂದಳು. ನಾವು 37, ಅವರು 38. ಒಂದು ನಿಮಿಷವೂ ಉಳಿದಿರಲಿಲ್ಲ. ಬೆಂಚಿನಲ್ಲಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಆಡುವವರಿದ್ದರು. ಸರ್ ದುದ್ದವನ್ನು ಕರೆದರು. ಕಿವಿಯಲ್ಲಿ ಏನೋ ಹೇಳಿದರು. ರಿಂಗಿನ ಕೆಳಗೆ ಹೋಗು, ಚೆಂಡು ಸಿಕ್ಕಿದರೆ ಎತ್ತು, ಬೇರೆ ಏನೂ ಮಾಡಬೇಡ ಅಂದಿದ್ದರಂತೆ. ಅರಸೀಕೆರೆ ಪಾಸ್ ಕೊಟ್ಟಳು. ದುದ್ದ ಎತ್ತಿದಳು. ಇಬ್ಬರು ಒಟ್ಟಿಗೆ ಮೈಮೇಲೆ ಬಿದ್ದರು. ಸೀಟಿ. ಎರಡು ಫ್ರೀ ಥ್ರೋ. ಅವಳು ಗೆರೆ ಮೇಲೆ ನಿಂತಳು. ಚೂಡಿದಾರದ ಪ್ಯಾಂಟಿಗೆ ಎರಡೂ ಅಂಗೈ ಒರೆಸಿಕೊಂಡಳು. ಸುತ್ತ ಕೂಗು, ಶಿಳ್ಳೆ. ದಿನಾ ಬೆಳಿಗ್ಗೆ ಏಳು ಗಂಟೆಗೆ ಖಾಲಿ ಮೈದಾನದಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತಿದ್ದಳು. ಮೊದಲನೆಯದು ನೇರ ಒಳಗೆ. ಎರಡನೆಯದು ರಿಂಗಿನ ಹಿಂಬದಿಗೆ ಬಡಿದು ಮೇಲೆದ್ದು, ಅಂಚಿನ ಮೇಲೆ ಒಂದು ಸುತ್ತು ಬಂದು, ಒಳಗೆ ಬಿತ್ತು. 39-38. ಅಲ್ಲಿವರೆಗೆ ನಮ್ಮೆಲ್ಲರ ನೆನಪೂ ಒಂದೇ. ಅದರ ಮುಂದೆ ಅರಸೀಕೆರೆಗೆ ಎರಡು ಲೇ-ಅಪ್ ಕಾಣುತ್ತವೆ, ನನಗೆ ಒಂದು, ಸಕಲೇಶಪುರಕ್ಕೆ ಬರೀ ಸೀಟಿ.

ಯಾರ ಟೀಮು, ಯಾರ ಚರಿತ್ರೆ

ಈ ಲೆಕ್ಕದ ಹಿಂದೆ ಬಿದ್ದು ಓದುತ್ತಾ ಕೂತಾಗ ಬೇರೆ ಕಡೆಯ ಹುಡುಗಿಯರ ಕಥೆಗಳೂ ಸಿಕ್ಕವು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಸ್ವಲ್ಪ ದಿನಕ್ಕೇ ಹತ್ತಿರದ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅನ್ನುವ ಮೇಡಂ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಹುಡುಗಿಯರು ಸುಸ್ತಾಗಬಾರದು ಅಂತ ಕೋರ್ಟನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗ ಬಿಟ್ಟು ಆಚೆ ಹೋಗಬಾರದು ಅಂತ ನಿಯಮ ಹಾಕಿದರು. 1893ರಲ್ಲಿ ಅಲ್ಲಿ ಪಂದ್ಯ ನಡೆದಾಗ ಗಂಡಸರನ್ನು ಒಳಗೇ ಬಿಡಲಿಲ್ಲ. 1896ರ ಏಪ್ರಿಲ್ 4ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹುಡುಗಿಯರ ನಡುವೆ ಮೊದಲ ಅಂತರ ಕಾಲೇಜು ಪಂದ್ಯ ನಡೆಯಿತು. ನೋಡಲು ಬಂದವರೂ ಹೆಂಗಸರೇ. ಸ್ಟ್ಯಾನ್‌ಫರ್ಡ್ ಗೆದ್ದಿತು, 2-1. ಇದನ್ನು ಓದಿ ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ನೂರಮೂವತ್ತು ವರ್ಷದ ಹಿಂದಿನ ಆ 2-1 ಉಳಿದಿದೆ. ಬೆಂಗಳೂರಿನ ಕಂಠೀರವದಲ್ಲಿ 2017ರಲ್ಲಿ ನಮ್ಮ ದೇಶದ ಹುಡುಗಿಯರು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿದ್ದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಾನೇ ಬೆವರು ಸುರಿಸಿ ಆಡಿದ ಪಂದ್ಯದ್ದು ನನ್ನ ಹತ್ತಿರ ಇಲ್ಲ.

ನಮ್ಮ ಟೀಮಿನ ಚರಿತ್ರೆ ಹುಡುಕುವುದರಲ್ಲಿ ಇನ್ನೊಂದು ತೊಡಕಿದೆ. ಅದು ಯಾವ ಊರಿನ ಚರಿತ್ರೆ? ಆ ಫೈನಲ್ ಆದಮೇಲೆ ನಮ್ಮಲ್ಲಿ ಮೂವರು ವಿಶ್ವವಿದ್ಯಾಲಯದ ಟೀಮಿಗೆ ಆಯ್ಕೆಯಾದೆವು. ಅರಸೀಕೆರೆ, ದುದ್ದ, ನಾನು. ಕ್ಯಾಂಪಿಗೆ ಹದಿನೈದು ದಿನ ಮೈಸೂರಿನಲ್ಲಿ ಇರಬೇಕು ಅಂದಾಗ ದುದ್ದದ ಮನೆಯಲ್ಲಿ ಈ ಸಲ ಒಪ್ಪಲಿಲ್ಲ. ಅಕ್ಕನಿಗೂ ಹದಿನೈದು ದಿನ ಬರಲು ಆಗುವ ಹಾಗಿರಲಿಲ್ಲ. ಉಳಿದ ನಾವಿಬ್ಬರು ಎದೆ ಮೇಲೆ ಮೈಸೂರು ಅಂತ ಬರೆದ ಜೆರ್ಸಿ ಹಾಕಿಕೊಂಡು ದಕ್ಷಿಣದ ವಿಶ್ವವಿದ್ಯಾಲಯಗಳ ನಡುವಿನ ಸೌತ್ ಝೋನ್ ಆಡಿದೆವು, ವಿಶ್ವವಿದ್ಯಾಲಯದ ಪರ ಆಡಿದವರಿಗೆ ಸಿಗುವ ಯೂನಿವರ್ಸಿಟಿ ಬ್ಲೂ ಅನ್ನಿಸಿಕೊಂಡೆವು. ಕೇರಳದ ಹುಡುಗಿಯರ ಎದುರು ಬೇಗ ಸೋತೆವು. ಅವರು ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಬೆಳೆದವರು, ಚೆಂಡು ನೋಡದೆಯೇ ಡ್ರಿಬಲ್ ಮಾಡುತ್ತಿದ್ದರು. ಅದೇ ಟೂರ್ನಮೆಂಟಿನಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜೆರ್ಸಿಯಲ್ಲಿ ಚಿಕ್ಕಮಗಳೂರಿನ ಹುಡುಗಿಯರು ಸಿಕ್ಕರು. ನಮ್ಮ ಥರವೇ ಮಾತು, ನಮ್ಮ ಥರವೇ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆಗುವ ತನಕ ಅವರ ಅಕ್ಕಂದಿರು, ನಮ್ಮ ಅಕ್ಕಂದಿರು ಒಂದೇ ಟೀಮಿನಲ್ಲಿದ್ದರು. "ಚಿಕ್ಕಮಗಳೂರಿನವರು ಇದ್ದಾಗ ನಮ್ಮ ಟೀಮು ಎತ್ತರ ಇತ್ತು ಕಣ್ರೇ" ಅಂತ ಹೊಳೆನರಸೀಪುರದ ಸೀನಿಯರ್ ಒಬ್ಬರು ಯಾವಾಗಲೂ ಹೇಳುತ್ತಿದ್ದರು.

ಅದಕ್ಕೂ ಹಿಂದೆ, 1980ರಲ್ಲಿ, ಮಂಗಳೂರು ವಿಶ್ವವಿದ್ಯಾಲಯ ಆದಾಗ ದಕ್ಷಿಣ ಕನ್ನಡ, ಕೊಡಗಿನವರು ಬೇರೆಯಾಗಿದ್ದರು. 2023ರಲ್ಲಿ ಹಾಸನದ ಸರದಿ. ಹಾಸನದಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಯೇ ಹಾಸನ ವಿಶ್ವವಿದ್ಯಾಲಯವಾಯಿತು. ಮುಚ್ಚುವ, ಮತ್ತೆ ಮೈಸೂರಿಗೆ ಸೇರಿಸುವ ಮಾತೂ ಈಚೆಗೆ ಕೇಳಿಬಂತು. ಪ್ರತಿಸಲ ಹೀಗೆ ಭಾಗ ಆದಾಗ ಕಟ್ಟಡ, ಸಿಬ್ಬಂದಿ, ಕಡತ ಎಲ್ಲ ಪಾಲಾಗುತ್ತವೆ. ಟೀಮಿನ ಹಿಂದಿನ ವರ್ಷಗಳನ್ನು ಯಾರೂ ಪಾಲು ಕೇಳುವುದಿಲ್ಲ. ಹೊಸ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೀಮಿನ ಚರಿತ್ರೆ ಬರೆಯಿರಿ ಅಂದರೆ ಕಾಗದದಲ್ಲಿ ಅದು ಎರಡು ಮೂರು ವರ್ಷದ್ದು. ಆದರೆ ಅಕ್ಕನ ಮಗಳು ಓಡುವ ಊರಿನಲ್ಲೇ ನಾವು ಹಗ್ಗ ಹಿಡಿದು ನಡೆದಿದ್ದೆವು. ನನ್ನ ಪ್ರಕಾರ ಆ 39ನೇ ಪಾಯಿಂಟೂ ಅವಳ ಟೀಮಿನದೇ. ಮೈಸೂರಿನವರದ್ದೂ ಹೌದು. ಎರಡೂ ಕಡೆ ಬರೆದುಕೊಂಡರೆ ಯಾರಿಗೂ ಕಮ್ಮಿಯಾಗುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಅವಳು, "ಹಾಗಾದ್ರೆ ನೀವು ಹೇಳಿ, ನಾನು ಬರ್ಕೋತೀನಿ" ಅಂತ ಇನ್ನೂರು ಪೇಜಿನ ನೋಟ್‌ಬುಕ್ ತಂದಳು. 4ರಿಂದ 15ರವರೆಗೆ ನಂಬರು ಹಾಕಿ ಗೆರೆ ಎಳೆದಳು.

ಫೋಟೋದ ಅಂಚು

ಸರಿ, ಹೆಸರು ಬರೆಯೋಣ ಅಂತ ಕೂತರೆ ಹೆಸರೇ ಕಷ್ಟ. ಫೈನಲ್ ದಿನ ತೆಗೆದ ಫೋಟೋದ ಒಂದು ಪ್ರತಿ ಅರಸೀಕೆರೆ ಹತ್ತಿರ ಇತ್ತು. ಕೆಳಗೆ ಎಡದಿಂದ ಬಲಕ್ಕೆ ಅಂತ ಹೆಸರುಗಳು. ಎಲ್ಲವೂ ಅಪ್ಪನ ಇನಿಷಿಯಲ್ ಹಾಕಿದ ಹೆಸರು. ಮದುವೆಯಾದ ಮೇಲೆ ಅರ್ಧಕ್ಕರ್ಧ ಜನರ ಇನಿಷಿಯಲ್ ಬದಲಾಗಿದೆ, ಇಬ್ಬರ ಹೆಸರೇ ಬದಲಾಗಿದೆ. ಫೋನಿನಲ್ಲಿ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ. ದುದ್ದವನ್ನು ಹುಡುಕಲು ನನಗೆ ಮೂರು ವಾರ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಅವಳ ಊರಿನ ಹಾಲಿನ ಡೈರಿಯವರ ಮೂಲಕ. ಚನ್ನರಾಯಪಟ್ಟಣದ ಕಡೆ ಇದ್ದಾಳೆ, ತೋಟ ನೋಡಿಕೊಳ್ಳುತ್ತಾಳೆ. ಫೋನ್ ಎತ್ತಿದವಳಿಗೆ ನಾನು ಹೆಸರು ಹೇಳಲಿಲ್ಲ. "ದುದ್ದ" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಒಂಬತ್ತಾ?" ಅಂದಳು. ನನ್ನ ನಂಬರು. ಸ್ಕೋರ್ ಕೇಳಿದೆ. "ಎರಡನೇದು ಒಳಗೆ ಬಿದ್ದಮೇಲೆ ಏನಾಯ್ತು ಅಂತ ಒಂದೂ ನೆನಪಿಲ್ಲ ಕಣೇ. ಕಾಲು ನಡುಗ್ತಾ ಇತ್ತು" ಅಂದಳು.

ಆ ಫೋಟೋದ ಬಲ ಅಂಚಿನಲ್ಲಿ, ಸಾಲಿನ ಆಚೆ, ಸೀರೆಯ ಅಂಚು ಒಂದಿಷ್ಟು ಕಾಣುತ್ತದೆ. ಅದರ ಮೇಲೆ ಒಂದು ಪುಟ್ಟ ಕೈ, ಮಣಿಕಟ್ಟಿನಲ್ಲಿ ಕರಿಬಳೆ. ಅಕ್ಕನ ಮಗಳು ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ, "ಇದು ಯಾರ ಕೈ?" ಅಂತ ಕೇಳಿದಳು. ಹೇಳಿದೆ. ಸರ್ ಹೋಗಿ ಕೆಲವು ವರ್ಷವಾಯಿತು. ಅವರ ಹೆಂಡತಿ ಹಾಸನದಲ್ಲೇ ಇದ್ದಾರೆ ಅಂತ ಗೊತ್ತಿತ್ತು. ಹೋದ ಭಾನುವಾರ ಇಬ್ಬರೂ ಹೋದೆವು.

ಅಕ್ಕನಿಗೆ ಈಗ ಅರವತ್ತು ದಾಟಿದೆ. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ದುದ್ದದ ಹೆಸರು ಎತ್ತಿದ ತಕ್ಷಣ ಎಲ್ಲ ನೆನಪಾಯಿತು. ಅವತ್ತು ವಾಪಸ್ ಬರುವಾಗ ರೈಲು ತಡವಾಗಿತ್ತು, ದುದ್ದಕ್ಕೆ ಬಸ್ಸಿರಲಿಲ್ಲ. ಆ ಹುಡುಗಿ ಇವರ ಮನೆಯಲ್ಲೇ ಮಲಗಿತ್ತು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಅಕ್ಕನೇ ಜೊತೆಗೆ ಹೋಗಿ ಅವರಮ್ಮನ ಕೈಗೆ ಒಪ್ಪಿಸಿ ಬಂದರಂತೆ. "ಮಾತು ಕೊಟ್ಟಿದ್ದೆ ಅಲ್ವಾ" ಅಂದರು. ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಸ್ಕೋರ್ ಎಷ್ಟಿತ್ತು ಅಕ್ಕ, ನಿಮಗೇನಾದರೂ ನೆನಪಿದೆಯಾ ಅಂತ ಕೇಳಿದೆ. ಅವರು ತಲೆ ಆಡಿಸಿದರು. "ನಾನು ಆಟ ಎಲ್ಲಿ ನೋಡ್ದೆ? ಮಗು ಒಂದೇ ಸಮ ಅಳ್ತಿತ್ತು. ಎತ್ಕೊಂಡು ಹೊರಗಡೆ ಮರದ ಕೆಳಗೆ ಓಡಾಡ್ತಿದ್ದೆ. ನೀವೆಲ್ಲ ಕೂಗಿದ್ದು ಕೇಳಿಸ್ತು. ಗೆದ್ರು ಅನ್ಕೊಂಡೆ." ಒಂದು ಕ್ಷಣ ಬಿಟ್ಟು, "ಗೆದ್ರಿ ತಾನೇ?" ಅಂದರು.

"ಗೆದ್ವಿ ಅಕ್ಕ."

ಅಕ್ಕನ ಮಗಳು ನೋಟ್‌ಬುಕ್ ತೆಗೆದಳು. 15ರ ಕೆಳಗೆ ಇನ್ನೊಂದು ಗೆರೆ ಎಳೆದು, ಮ್ಯಾನೇಜರ್ ಅಂತ ಬರೆದಳು. "ಅಜ್ಜಿ, ನಿಮ್ಮ ಹೆಸರು ಹೇಳಿ, ಇಲ್ಲಿ ಬರೀತೀನಿ. ಇನಿಷಿಯಲ್ ಸಮೇತ."

ಅಕ್ಕ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಗೆರೆಯನ್ನು ನೋಡಿದರು. "ಯಾವ ಇನಿಷಿಯಲ್ ಬರೀಬೇಕು ಪುಟ್ಟಿ? ಮದುವೆಗೆ ಮುಂಚಿಂದಾ, ಆಮೇಲಿಂದಾ?" ಅಂತ ಕೇಳಿದರು.